ಬಿದ್ದದ್ದು ಮರೆತ ಮೇಲೆ: ಮೆದುಳಿನ ಸುತ್ತಲಿನ ರಕ್ತಸ್ರಾವ ಕುರಿತು ಒಂದು ಟಿಪ್ಪಣಿ

ತಲೆಯೊಳಗೆ ರಕ್ತ ಸೋರಿದ ಪ್ರಕರಣಗಳನ್ನೆಲ್ಲ ನಾವು 'ಬ್ರೈನ್ ಹ್ಯಾಮರೇಜ್' ಎಂಬ ಒಂದೇ ಹೆಸರಿನಲ್ಲಿ ಮುಗಿಸಿಬಿಡುತ್ತೇವೆ. ಬಿ.ಪಿ. ಏರಿ ಮೆದುಳಿನ ಒಳಗೇ ನಾಳ ಒಡೆಯುವುದು ಒಂದು ಬಗೆ. ಅದು ಈ ಟಿಪ್ಪಣಿಯ ವಿಷಯವಲ್ಲ. ಇಲ್ಲಿ ಚರ್ಚಿಸುತ್ತಿರುವುದು ಮೆದುಳಿನ ಹೊರಗೆ, ತಲೆಬುರುಡೆಯ ಒಳಗೆ, ಪೊರೆಗಳ ನಡುವೆ ಶೇಖರವಾಗುವ ರಕ್ತದ ಬಗ್ಗೆ. ಈ ಎರಡನೆಯ ಬಗೆಯಲ್ಲಿ ಮೆದುಳು ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಹೊರಗಿನಿಂದ ಒತ್ತಡ ಬಿದ್ದು ಕೆಲಸ ನಿಲ್ಲಿಸಿರುತ್ತದೆ, ಅಷ್ಟೆ. ಒತ್ತಡ ತೆಗೆದರೆ ಅದು ಮತ್ತೆ ಚೇತರಿಸಿಕೊಳ್ಳಬಹುದು. ಹಾಗಾಗಿಯೇ ಇಲ್ಲಿ ಶಸ್ತ್ರಚಿಕಿತ್ಸೆಗೆ ಇಷ್ಟು ಮಹತ್ವ.

ಇದನ್ನು ಬೆಂಗಳೂರಿನ ಗೋವಿಂದರಾಜನಗರದ ಕಡೆಯಿಂದ ನೋಡುವುದಕ್ಕೆ ಕಾರಣವಿದೆ. ಮಾರೇನಹಳ್ಳಿ, ಮೂಡಲಪಾಳ್ಯ, ಅಗ್ರಹಾರ ದಾಸರಹಳ್ಳಿ, ನಾಗರಬಾವಿ ಸೇರಿದ ಈ ಭಾಗದಲ್ಲಿ ಅಪಾಯಕ್ಕೊಡ್ಡಿದ ಎರಡು ಗುಂಪುಗಳು ಒಂದೇ ಸೂರಿನಡಿ ಇವೆ. ಮಾಗಡಿ ರಸ್ತೆ, ಕಾರ್ಡ್ ರಸ್ತೆ, ಹೊರವರ್ತುಲ ರಸ್ತೆಗಳಲ್ಲಿ ದಿನವೂ ಬೈಕು ಓಡಿಸುವ ಮಕ್ಕಳು ಒಂದು ಗುಂಪು; ನಾಲ್ಕು ದಶಕದ ಹಿಂದೆ ಮೂವತ್ತು–ನಲವತ್ತರ ಸೈಟು ಕೊಂಡು ಮನೆ ಕಟ್ಟಿ, ಈಗ ಎಪ್ಪತ್ತು ದಾಟಿದ ತಂದೆತಾಯಿ ಇನ್ನೊಂದು. ಮೊದಲ ಗುಂಪಿನ ರಕ್ತಸ್ರಾವ ಗಂಟೆಗಳ ಲೆಕ್ಕದ್ದು, ಎರಡನೆಯದರದ್ದು ವಾರಗಳ ಲೆಕ್ಕದ್ದು. ಮೊದಲನೆಯದನ್ನು ಯಾರೂ ಕಡೆಗಣಿಸುವುದಿಲ್ಲ. ಎರಡನೆಯದನ್ನು ಗುರುತಿಸುವವರು ಕಡಿಮೆ. ಆದರೆ ಗುರುತಿಸಿದರೆ ಸರಿಪಡಿಸುವುದು ಮೊದಲನೆಯದಕ್ಕಿಂತ ಎಷ್ಟೋ ಸುಲಭ. ಆದ್ದರಿಂದ ಟಿಪ್ಪಣಿಯ ಹೆಚ್ಚಿನ ಪಾಲು ಅದಕ್ಕೇ ಮೀಸಲು.

ಮೊದಲು ಅಂಗರಚನೆ. ಬುರುಡೆಯ ಒಳಮೈಗೆ ಅಂಟಿಕೊಂಡ ದಪ್ಪ, ಗಟ್ಟಿ ಪೊರೆಗೆ ಡ್ಯೂರಾ ಎನ್ನುತ್ತಾರೆ. ಅದರ ಕೆಳಗೆ ತೆಳುವಾದ ಅರಾಕ್ನಾಯ್ಡ್. ಅದರಡಿ ಮೆದುಳಿನ ಮೇಲ್ಮೈಗೆ ಅಂಟಿಕೊಂಡ ಇನ್ನೂ ತೆಳುವಾದ ಪಯಾ. ಅರಾಕ್ನಾಯ್ಡ್ ಮತ್ತು ಪಯಾಗಳ ನಡುವೆ ಮಿದುಳುಬಳ್ಳಿಯ ನೀರು ಹರಿದಾಡುತ್ತದೆ. ರಕ್ತ ಡ್ಯೂರಾದ ಮೇಲೆ ನಿಂತರೆ ಎಕ್ಸ್‌ಟ್ರಾಡ್ಯೂರಲ್, ಡ್ಯೂರಾದ ಕೆಳಗೆ ನಿಂತರೆ ಸಬ್‌ಡ್ಯೂರಲ್, ಆ ನೀರಿನೊಳಗೆ ಬೆರೆತರೆ ಸಬ್‌ಅರಾಕ್ನಾಯ್ಡ್. ದೊಡ್ಡವರ ಬುರುಡೆ ಹಿಗ್ಗುವುದಿಲ್ಲ. ಒಳಗೆ ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗಲೇಬೇಕು ಎಂದು ಎಡಿನ್‌ಬರೋದ ಅಲೆಕ್ಸಾಂಡರ್ ಮನ್ರೊ 1783ರಲ್ಲೇ ಬರೆದ. 1824ರಲ್ಲಿ ಜಾರ್ಜ್ ಕೆಲ್ಲಿ ಅದನ್ನು ಬೆಂಬಲಿಸಿದ. ಹೊಸ ರಕ್ತಕ್ಕೆ ಜಾಗ ಬೇಕಾದಾಗ ಮೊದಲು ನೀರು ಸರಿಯುತ್ತದೆ, ಆಮೇಲೆ ಸಿರೆಗಳ ರಕ್ತ ಸರಿಯುತ್ತದೆ, ಕೊನೆಗೆ ಮೆದುಳೇ ಸರಿಯುತ್ತದೆ. ಆ ಕೊನೆಯ ಘಟ್ಟದಲ್ಲಿ ಒಂದು ಕಣ್ಣಿನ ಪಾಪೆ ಅಗಲವಾಗುತ್ತದೆ, ಪ್ರಜ್ಞೆ ತಪ್ಪುತ್ತದೆ, ಉಸಿರಾಟ ಕೆಡುತ್ತದೆ.

ಎಕ್ಸ್‌ಟ್ರಾಡ್ಯೂರಲ್ ಬಗ್ಗೆ ಸಂಕ್ಷೇಪವಾಗಿ ಹೇಳಬಹುದು. ಕಪಾಲದ ಬದಿಯ ಮೂಳೆ ತೆಳು. ಅದು ಬಿರಿದಾಗ ಅದರಡಿ ಹಾಯುವ ನಡು ಮೆನಿಂಜಿಯಲ್ ಅಪಧಮನಿ ಹರಿಯುತ್ತದೆ. ಪೆಟ್ಟು ತಿಂದವರು ಕೆಲವೊಮ್ಮೆ ಎದ್ದು ಕೂತು ಮಾತಾಡಿ, ನೀರು ಕುಡಿದು, ಗಂಟೆ ಕಳೆಯುವುದರೊಳಗೆ ಕುಸಿಯುತ್ತಾರೆ. 2009ರ ಮಾರ್ಚಿನಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಸ್ಕೀಯಿಂಗ್ ಕಲಿಯುವಾಗ ಬಿದ್ದ ನಟಿ ನತಾಶಾ ರಿಚರ್ಡ್‌ಸನ್ ಹೀಗೆಯೇ ಮೊದಲು ಸಹಾಯ ಬೇಡವೆಂದರು. ಎರಡು ದಿನದಲ್ಲಿ ತೀರಿಕೊಂಡರು. ಸಿಟಿ ಸ್ಕ್ಯಾನಿನಲ್ಲಿ ಈ ರಕ್ತ ಎರಡೂ ಕಡೆ ಉಬ್ಬಿದ ಮಸೂರದಂತೆ ಕಾಣುತ್ತದೆ. ಹೆಪ್ಪು 30 ಮಿಲಿಲೀಟರ್ ಮೀರಿದರೆ ರೋಗಿಯ ಪ್ರಜ್ಞೆ ಹೇಗೇ ಇರಲಿ ತೆಗೆಯಬೇಕು ಎಂಬುದು ಒಪ್ಪಿತ ನಿಯಮ. ಮೂಳೆಯ ಒಂದು ತುಂಡನ್ನು ಬಾಗಿಲಿನಂತೆ ಬಿಡಿಸಿ, ಹೆಪ್ಪು ತೆಗೆದು, ಸೋರುವ ನಾಳವನ್ನು ಸುಟ್ಟು ಮುಚ್ಚುತ್ತಾರೆ. ಸಮಯಕ್ಕೆ ಸರಿಯಾಗಿ ಮಾಡಿದರೆ ನರಶಸ್ತ್ರಚಿಕಿತ್ಸೆಯಲ್ಲೇ ಅತ್ಯಂತ ತೃಪ್ತಿ ಕೊಡುವ ಶಸ್ತ್ರಕ್ರಿಯೆಗಳಲ್ಲಿ ಇದೊಂದು.

ತೀವ್ರ ಸಬ್‌ಡ್ಯೂರಲ್ ಅಷ್ಟು ಕರುಣೆಯುಳ್ಳದ್ದಲ್ಲ. ಅಲ್ಲಿ ಮೆದುಳಿಗೂ ಪೆಟ್ಟಾಗಿರುತ್ತದೆ. ಕನ್ನಡಿಗರು ಇದನ್ನು ಹತ್ತಿರದಿಂದ ಕಂಡದ್ದು 2021ರ ಜೂನ್‌ನಲ್ಲಿ. 'ನಾನು ಅವನಲ್ಲ ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದಿದ್ದ ನಟ ಸಂಚಾರಿ ವಿಜಯ್ ಜೂನ್ 12ರ ರಾತ್ರಿ ಜೆ.ಪಿ. ನಗರದಲ್ಲಿ ಗೆಳೆಯನ ಬೈಕಿನ ಹಿಂದೆ ಕೂತು ಹೋಗುತ್ತಿದ್ದಾಗ ಬೈಕು ಜಾರಿತು. ಹೆಲ್ಮೆಟ್ ಇರಲಿಲ್ಲ ಎಂದು ಆಗ ವರದಿಯಾಯಿತು. ಮೆದುಳಿನ ರಕ್ತಸ್ರಾವಕ್ಕೆ ತುರ್ತು ಶಸ್ತ್ರಚಿಕಿತ್ಸೆ ಆಯಿತು. ಆದರೂ ಮೆದುಳು ಚೇತರಿಸಲಿಲ್ಲ. ಜೂನ್ 15ರಂದು ನಿಧನ. ಕುಟುಂಬದವರು ಅಂಗಾಂಗಗಳನ್ನು ದಾನ ಮಾಡಿದರು. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಎಂಬ ನಿಯಮ ರಾಜ್ಯದಲ್ಲಿ ಜಾರಿಗೆ ಬಂದು ಆಗಲೇ ಐದು ವರ್ಷವಾಗಿತ್ತು.

ಈ ಬಗೆಯಲ್ಲಿ ಸಮಯ ಎಷ್ಟು ಮುಖ್ಯ ಎಂಬುದಕ್ಕೆ ಹಳೆಯದಾದರೂ ಇಂದಿಗೂ ಉಲ್ಲೇಖಿಸುವ ಅಧ್ಯಯನ 1981ರದ್ದು. ಅಮೆರಿಕದಲ್ಲಿ ಸೀಲಿಗ್ ಮತ್ತು ಸಂಗಡಿಗರು ಪ್ರಜ್ಞೆ ತಪ್ಪಿದ 82 ರೋಗಿಗಳನ್ನು ನೋಡಿದರು. ಪೆಟ್ಟು ಬಿದ್ದ ನಾಲ್ಕು ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆದವರಲ್ಲಿ ಸಾವಿನ ಪ್ರಮಾಣ ಶೇ. 30, ನಾಲ್ಕು ಗಂಟೆ ದಾಟಿದವರಲ್ಲಿ ಶೇ. 90. ಆಮೇಲಿನ ಅಧ್ಯಯನಗಳಲ್ಲಿ ಅಂತರ ಇಷ್ಟು ದೊಡ್ಡದಾಗಿ ಕಂಡಿಲ್ಲ, ನಿಜ. ಆದರೂ ಗೋವಿಂದರಾಜನಗರದಿಂದ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಸಂಜೆ ಏಳರ ಟ್ರಾಫಿಕ್ಕಿನಲ್ಲಿ ಹೋಗಿ ನೋಡಿದವರಿಗೆ ನಾಲ್ಕು ಗಂಟೆ ದೊಡ್ಡ ಅವಧಿ ಅನ್ನಿಸುವುದಿಲ್ಲ. ನಡುವೆ ಒಂದು ನರ್ಸಿಂಗ್ ಹೋಮು, ಅಲ್ಲಿಂದ ಸ್ಕ್ಯಾನ್ ಸೆಂಟರ್, ಅಲ್ಲಿಂದ 'ಇಲ್ಲಿ ಬೆಡ್ ಇಲ್ಲ' ಎಂಬ ಮಾತು — ಕಾಲು ಭಾಗ ರಸ್ತೆಯಲ್ಲಿ, ಮುಕ್ಕಾಲು ಭಾಗ ಬಾಗಿಲುಗಳ ಮುಂದೆ ಕಳೆಯುತ್ತದೆ.

ನಿಮ್ಹಾನ್ಸ್ ಹೆಸರು ಬಂದದ್ದರಿಂದ ಒಂದು ಮಾತು. ದಕ್ಷಿಣದಲ್ಲಿ ಈ ವಿದ್ಯೆಯ ಮೊದಲ ನೆಲೆ ವೆಲ್ಲೂರು. ಜೇಕಬ್ ಚಾಂಡಿ 1949ರಲ್ಲಿ ಅಲ್ಲಿ ದೇಶದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗ ಕಟ್ಟಿದರು. ಬೆಂಗಳೂರಿನಲ್ಲಿ 1954ರಲ್ಲಿ ಶುರುವಾಗಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 1958ರಲ್ಲಿ ಡಾ. ಆರ್.ಎಂ. ವರ್ಮ ಈ ವಿಭಾಗವನ್ನು ಆರಂಭಿಸಿದರು. ಆ ಸಂಸ್ಥೆ ಮತ್ತು ಸರ್ಕಾರಿ ಮಾನಸಿಕ ಆಸ್ಪತ್ರೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ವರ್ಮ ಶುರುಮಾಡಿದ್ದು ಸಿಟಿ ಸ್ಕ್ಯಾನ್ ಇಲ್ಲದ ಕಾಲದಲ್ಲಿ; ಲಂಡನ್ ಬಳಿಯ ಆಸ್ಪತ್ರೆಯೊಂದರಲ್ಲಿ ಹೌನ್ಸ್‌ಫೀಲ್ಡ್‌ನ ಯಂತ್ರ ಮೊದಲ ರೋಗಿಯ ತಲೆಯ ಚಿತ್ರ ತೆಗೆದದ್ದೇ 1971ರಲ್ಲಿ. ಅದಕ್ಕೂ ಮೊದಲು ಪಾಪೆ ನೋಡಿ, ಕೈಕಾಲಿನ ಬಲ ನೋಡಿ, ಕತ್ತಿನ ಅಪಧಮನಿಗೆ ಬಣ್ಣದ ದ್ರವ ಹಾಕಿ ಎಕ್ಸ್‌ರೇ ತೆಗೆದು, ಯಾವ ಬದಿ ಕೊರೆಯಬೇಕೆಂದು ತೀರ್ಮಾನಿಸುತ್ತಿದ್ದರು.

ತೀವ್ರ ಸಬ್‌ಡ್ಯೂರಲ್‌ಗೆ ಮರಳಿದರೆ, ಹೆಪ್ಪು ತೆಗೆದ ಮೇಲೆ ಮೂಳೆಯ ತುಂಡನ್ನು ಅಲ್ಲೇ ಕೂಡಿಸಬೇಕೆ, ಮೆದುಳು ಊದಿಕೊಳ್ಳಲು ಜಾಗ ಬಿಟ್ಟು ಹೊರಗಿಡಬೇಕೆ ಎಂಬುದು ಬಹುಕಾಲದ ವಿವಾದ. 2023ರಲ್ಲಿ ಪ್ರಕಟವಾದ ರೆಸ್ಕ್ಯೂ–ಎಎಸ್‌ಡಿಎಚ್ ಪ್ರಯೋಗ ಇದಕ್ಕೆ ಉತ್ತರ ಹುಡುಕಿತು. ಕೇಂಬ್ರಿಡ್ಜ್‌ನ ಪೀಟರ್ ಹಚಿನ್‌ಸನ್ ಮುಂದಾಳು, ನಿಮ್ಹಾನ್ಸ್‌ನ ಡಾ. ಬಿ. ಇಂದಿರಾದೇವಿ ಸಹಲೇಖಕರಲ್ಲೊಬ್ಬರು. 450 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಮೂಳೆ ಮರಳಿ ಕೂಡಿಸಿದರು, ಉಳಿದವರಿಗೆ ಹೊರಗಿಟ್ಟರು. ವರ್ಷದ ನಂತರ ಅಂಗವೈಕಲ್ಯದಲ್ಲಿ ಎರಡೂ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಡರಲ್ಲೂ ಸುಮಾರು ಮೂರನೇ ಒಂದು ಭಾಗ ಜನ ತೀರಿಕೊಂಡಿದ್ದರು. ಮೂಳೆ ಕೂಡಿಸಿದವರಲ್ಲಿ ಎರಡು ವಾರದೊಳಗೆ ಮತ್ತೆ ಶಸ್ತ್ರಕ್ರಿಯೆ ಬೇಕಾದದ್ದು ಶೇ. 14.6, ಹೊರಗಿಟ್ಟವರಲ್ಲಿ 6.9. ಗಾಯದ ತೊಂದರೆ ಮಾತ್ರ ತಿರುವುಮುರುವು: ಶೇ. 3.9 ಮತ್ತು 12.2. ಹೀಗಾಗಿ, ಮೆದುಳು ಊದಿಕೊಳ್ಳದೆ ಮೂಳೆ ಸಲೀಸಾಗಿ ಕೂರುವಂತಿದ್ದರೆ ಕೂಡಿಸಿಬಿಡುವುದೇ ಲೇಸು.

ಇನ್ನು ದೀರ್ಘಕಾಲಿಕ ಸಬ್‌ಡ್ಯೂರಲ್. ವಯಸ್ಸಾದಂತೆ ಮೆದುಳು ಸ್ವಲ್ಪ ಸೊರಗುತ್ತದೆ. ಮೆದುಳಿನ ಮೇಲ್ಮೈಯಿಂದ ಡ್ಯೂರಾಕ್ಕೆ ರಕ್ತ ಒಯ್ಯುವ ಸೇತು ಸಿರೆಗಳು ಆಗ ಬಿಗಿದು ನಿಲ್ಲುತ್ತವೆ. ಸ್ನಾನದ ಮನೆಯಲ್ಲಿ ಜಾರಿದ್ದು, ಸಜ್ಜೆಯ ಅಂಚಿಗೆ ತಲೆ ತಾಗಿಸಿಕೊಂಡದ್ದು, ಬಸ್ಸು ಬ್ರೇಕು ಹಾಕಿದಾಗ ಕಂಬಕ್ಕೆ ಹೊಡೆದುಕೊಂಡದ್ದು — ಇಷ್ಟು ಸಾಕು, ಒಂದು ಸಿರೆ ಹರಿಯುತ್ತದೆ. ಸೋರುವುದು ಸಿರೆಯ ರಕ್ತ, ಒತ್ತಡ ಕಡಿಮೆ. ಸೊರಗಿದ ಮೆದುಳಿನ ಸುತ್ತ ಖಾಲಿ ಜಾಗವೂ ಇದೆ. ಆದ್ದರಿಂದ ಆ ದಿನ ಏನೂ ತಿಳಿಯುವುದಿಲ್ಲ. ಮುಂದಿನ ವಾರಗಳಲ್ಲಿ ಆ ರಕ್ತದ ಸುತ್ತ ದೇಹ ಒಂದು ಪೊರೆ ಕಟ್ಟುತ್ತದೆ. ಆ ಪೊರೆಯಲ್ಲಿ ಎಳೆಯ, ದುರ್ಬಲ ರಕ್ತನಾಳಗಳು ಹುಟ್ಟುತ್ತವೆ. ಅವೇ ಮತ್ತೆ ಸೋರುತ್ತವೆ. ಗಾಯ ಮಾಯಿಸಬೇಕಾದ ಉರಿಯೂತವೇ ಗಾಯವನ್ನು ಜೀವಂತವಾಗಿಡುತ್ತದೆ. ನೂರು ಮಿಲಿಲೀಟರಿಗೂ ಹೆಚ್ಚು ದ್ರವ ತುಂಬಿಕೊಂಡು ಓಡಾಡುವವರಿದ್ದಾರೆ. ಅಷ್ಟೇ ರಕ್ತ ಒಂದೇ ಗಂಟೆಯಲ್ಲಿ ತುಂಬಿದ್ದರೆ ಯಾರೂ ಉಳಿಯುವುದಿಲ್ಲ.

ಜರ್ಮನಿಯ ರುಡಾಲ್ಫ್ ವಿರ್ಕೋವ್ 1857ರಲ್ಲಿ ಇದನ್ನು ಡ್ಯೂರಾದ ಉರಿಯೂತದ ರೋಗವೆಂದು ವಿವರಿಸಿದ. 1914ರಲ್ಲಿ ಇಂಗ್ಲೆಂಡಿನ ವಿಲ್ಫ್ರೆಡ್ ಟ್ರಾಟರ್ ಅಲ್ಲವೆಂದ: ಇದು ಪೆಟ್ಟಿನಿಂದ ಸಿರೆ ಹರಿದು ಆದದ್ದು, ಪೆಟ್ಟು ಸಣ್ಣದಾದ್ದರಿಂದ ರೋಗಿ ಮರೆತಿರುತ್ತಾನೆ. ಟ್ರಾಟರ್ ಗೆದ್ದ ಎಂದೇ ಪಠ್ಯಪುಸ್ತಕಗಳು ಬಹುಕಾಲ ಬರೆದವು. ಈಗ ನೋಡಿದರೆ ಇಬ್ಬರೂ ಅರ್ಧರ್ಧ ಸರಿ: ಶುರುವಾಗುವುದು ಟ್ರಾಟರ್ ಹೇಳಿದಂತೆ, ಬೆಳೆಯುವುದು ವಿರ್ಕೋವ್ ಹೇಳಿದಂತೆ.

ಎರಡು ಸಾರ್ವಜನಿಕ ಪ್ರಕರಣಗಳಲ್ಲಿ ಈ ಕಾಲಗತಿ ಸ್ಪಷ್ಟವಾಗಿ ದಾಖಲಾಗಿದೆ. ಮೈಸೂರಿನಲ್ಲಿ ಹುಟ್ಟಿದ ಸದ್ಗುರು ಜಗ್ಗಿ ವಾಸುದೇವ್ 2024ರಲ್ಲಿ ನಾಲ್ಕು ವಾರ ತಲೆನೋವು ತಾಳಿಕೊಂಡೇ ಮಾರ್ಚ್ 8ರ ಮಹಾಶಿವರಾತ್ರಿ ಕಾರ್ಯಕ್ರಮ ಮುಗಿಸಿದರು. ದೆಹಲಿಯ ಎಂಆರ್‌ಐಯಲ್ಲಿ ವಾರಗಳಷ್ಟು ಹಳೆಯ ರಕ್ತದ ಜೊತೆಗೆ ಒಂದೆರಡು ದಿನದ ಹೊಸ ರಕ್ತವೂ ಕಂಡಿತು. ಮಾರ್ಚ್ 17ರಂದು ಮಂಪರು ಆವರಿಸಿ ಎಡಗಾಲು ಬಲ ಕಳೆದುಕೊಂಡಾಗ ತುರ್ತು ಶಸ್ತ್ರಚಿಕಿತ್ಸೆ ಮಾಡಿದರು. ಹತ್ತು ದಿನಕ್ಕೆ ಮನೆಗೆ ಕಳಿಸಿದರು. ಅದೇ ವರ್ಷ ಅಕ್ಟೋಬರ್ 19ರಂದು ಬ್ರೆಜಿಲ್ ಅಧ್ಯಕ್ಷ ಲುಲಾ ಮನೆಯ ಬಚ್ಚಲಲ್ಲಿ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟು ಮಾಡಿಕೊಂಡರು. ಅವರ ಶಸ್ತ್ರಚಿಕಿತ್ಸೆ ಆದದ್ದು ಡಿಸೆಂಬರ್ 10ರಂದು. ನಡುವೆ ಏಳು ವಾರ. ದೇಶದ ಅಧ್ಯಕ್ಷನಾದದ್ದರಿಂದ ಬಿದ್ದ ದಿನಾಂಕ ದಾಖಲೆಯಲ್ಲಿತ್ತು. ಮೂಡಲಪಾಳ್ಯದ ಅಜ್ಜಿ ಬಿದ್ದದ್ದನ್ನು ಯಾರು ದಾಖಲಿಸಿಡುತ್ತಾರೆ? 'ಬಯ್ತಾರೆ' ಎಂದು ಎಷ್ಟೋ ಅಜ್ಜಿಯರು ಮನೆಯಲ್ಲಿ ಹೇಳುವುದೂ ಇಲ್ಲ.

ಹೀಗಾಗಿ ರೋಗ ಬೇರೆ ವೇಷದಲ್ಲಿ ಬರುತ್ತದೆ. ತಿಂಗಳಿನಿಂದ ತಲೆನೋವು, ನಡೆಯುವಾಗ ಒಂದು ಕಾಲು ಎಳೆಯುವುದು, ಅಂಗಿಯ ಗುಂಡಿ ಹಾಕಿಕೊಳ್ಳಲು ತಡವರಿಸುವುದು, ಮಧ್ಯಾಹ್ನವೆಲ್ಲ ತೂಕಡಿಕೆ, ಮೊಮ್ಮಗನ ಹೆಸರು ಮರೆತು ಮಗನ ಹೆಸರಲ್ಲಿ ಕರೆಯುವುದು, ತಿಳಿಯದೆ ಮೂತ್ರ ಹೋಗುವುದು. ಮನೆಯವರು ಅರಳು ಮರಳು ಎನ್ನುತ್ತಾರೆ, ವೈದ್ಯರೂ ಕೆಲವೊಮ್ಮೆ ಪಾರ್ಶ್ವವಾಯು ಎಂದೋ ಮರೆವಿನ ರೋಗವೆಂದೋ ಬರೆಯುತ್ತಾರೆ. ವ್ಯತ್ಯಾಸ ಇರುವುದು ವೇಗದಲ್ಲಿ. ಮರೆವಿನ ರೋಗ ವರ್ಷಗಳಲ್ಲಿ ಇಳಿಯುತ್ತದೆ, ಪಾರ್ಶ್ವವಾಯು ನಿಮಿಷಗಳಲ್ಲಿ ಹೊಡೆಯುತ್ತದೆ. ವಾರಗಳಲ್ಲಿ ಇಳಿಯುತ್ತಾ, ಒಂದು ದಿನ ಚುರುಕು ಒಂದು ದಿನ ಮಂಕು ಎಂದಾಗುತ್ತಿದ್ದರೆ ಸ್ಕ್ಯಾನ್ ಮಾಡಿಸಲೇಬೇಕು.

ಸ್ಕ್ಯಾನ್ ಓದುವುದರಲ್ಲೂ ಒಂದು ಮೋಸವಿದೆ. ಹೊಸ ರಕ್ತ ಸಿಟಿಯಲ್ಲಿ ಬೆಳ್ಳಗೆ ಕಾಣುತ್ತದೆ, ತಿಂಗಳು ಕಳೆದದ್ದು ಕಪ್ಪಗೆ. ನಡುವಿನ ಒಂದೆರಡು ವಾರ ಅದು ಮೆದುಳಿನ ಬೂದು ಬಣ್ಣಕ್ಕೇ ಹೊಂದಿಕೊಂಡುಬಿಡುತ್ತದೆ. ಒಂದೇ ಬದಿ ಇದ್ದರೆ ಮಧ್ಯರೇಖೆ ಸರಿದಿರುವುದು ಗುಟ್ಟು ಬಿಟ್ಟುಕೊಡುತ್ತದೆ. ಎರಡೂ ಬದಿ ಸಮನಾಗಿದ್ದರೆ ಅದೂ ಇಲ್ಲ. ಆಗ ಅನುಭವಿಗಳು ಗಮನಿಸುವುದು ಒಂದು ಅಸಹಜವನ್ನು: ಎಪ್ಪತ್ತೈದರ ವ್ಯಕ್ತಿಯ ಮೆದುಳಿನ ಮಡಿಕೆಗಳ ನಡುವೆ ಜಾಗವೇ ಇಲ್ಲದೆ, ಮೂವತ್ತರ ಹರೆಯದ ಮೆದುಳಿನಂತೆ ತುಂಬಿಕೊಂಡು ಕಾಣುತ್ತದೆ. ವಯಸ್ಸಿಗೆ ಮೀರಿ ಚೆನ್ನಾಗಿರುವ ಚಿತ್ರವನ್ನು ನಂಬಬಾರದು.

ಔಷಧಿಯ ವಿಚಾರ ಇಲ್ಲಿ ದೊಡ್ಡದು. ಜಯದೇವದಲ್ಲೋ ಬೇರೆಡೆಯೋ ಸ್ಟೆಂಟ್ ಹಾಕಿಸಿಕೊಂಡು ಇಕೋಸ್ಪ್ರಿನ್, ಕ್ಲೋಪಿಡೊಗ್ರೆಲ್ ನುಂಗುವವರು, ಕವಾಟ ಬದಲಾಯಿಸಿಕೊಂಡು ಅಸಿಟ್ರೋಮ್ ನುಂಗುವವರು ಈ ಬಡಾವಣೆಯ ಬೀದಿಬೀದಿಯಲ್ಲಿ ಸಿಗುತ್ತಾರೆ. ರಕ್ತ ತೆಳುವಾದಷ್ಟೂ ಸಣ್ಣ ಪೆಟ್ಟಿನ ಸೋರಿಕೆ ನಿಲ್ಲುವುದು ತಡ. ಹಾಗೆಂದು ಬಿದ್ದ ದಿನ ಮಾತ್ರೆಯನ್ನು ತಾವೇ ನಿಲ್ಲಿಸಿದರೆ ಹೃದಯದ ಕಡೆ ಅನಾಹುತ. ಮದ್ಯದ ಚಟ, ಡಯಾಲಿಸಿಸ್, ಯಕೃತ್ತಿನ ರೋಗಗಳೂ ಇದೇ ಸಾಲಿನವು. ಬೆನ್ನಿಗೆ ಅರಿವಳಿಕೆ ಚುಚ್ಚಿದ ಜಾಗದಿಂದ ನೀರು ಸೋರಿ, ಬಾಣಂತಿಯರಲ್ಲೂ ಅಪರೂಪಕ್ಕೆ ಇದು ಕಂಡಿದೆ. ಕೊಳಕುಮಂಡಲದ ಹಾವು ಕಚ್ಚಿ ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಹೋದಾಗ ತಲೆಯೊಳಗೆ ರಕ್ತ ಸೋರುವುದು ನಮ್ಮ ಗ್ರಾಮಾಂತರದ ವೈದ್ಯರಿಗೆ ಗೊತ್ತಿರುವ ಸಂಗತಿ. ಅಲ್ಲಿ ಚಾಕುವಿಗಿಂತ ಮೊದಲು ಬೇಕಾದದ್ದು ಪ್ರತಿವಿಷ.

ದೀರ್ಘಕಾಲಿಕ ಸಬ್‌ಡ್ಯೂರಲ್‌ನ ಶಸ್ತ್ರಕ್ರಿಯೆ ಹೆಸರು ಕೇಳಿದಷ್ಟು ಭಯಂಕರವಲ್ಲ. ವಯಸ್ಸು ಹೆಚ್ಚಿದ್ದರೆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು ಮಾಡುವುದೂ ಉಂಟು; ರೋಗಿ ಕೊರೆಯುವ ಸದ್ದು ಕೇಳಿಸಿಕೊಳ್ಳುತ್ತಾನೆ, ನೋವಿರುವುದಿಲ್ಲ. ತಲೆಯನ್ನು ಒಂದು ಬದಿಗೆ ಹೊರಳಿಸಿ, ಮುಂದೊಂದು ಹಿಂದೊಂದು ಎಂದು ಮೂರು ಸೆಂಟಿಮೀಟರಿನಷ್ಟು ಎರಡು ಕಡೆ ಚರ್ಮ ಕೊಯ್ಯುತ್ತಾರೆ. ಡ್ರಿಲ್ ಮೂಳೆಯನ್ನು ಕೊರೆದು ಒಳಪದರ ದಾಟಿದ ಕೂಡಲೇ ತಾನಾಗಿ ನಿಲ್ಲುವಂತೆ ಮಾಡಿರುತ್ತಾರೆ. ಅಲ್ಲಿ ಕಾಣುವ ಡ್ಯೂರಾ ಸಾಮಾನ್ಯವಾಗಿ ಇರಬೇಕಾದಂತೆ ಮಿಡಿಯುವುದಿಲ್ಲ, ನೀಲಿಗಟ್ಟಿ ಬಿಗಿದುಕೊಂಡಿರುತ್ತದೆ. ಅದನ್ನು ಸುಟ್ಟು, ಅಡ್ಡ ಉದ್ದ ಸೀಳಿದಾಗ ಹೊರಪೊರೆ ಒಡೆದು ದ್ರವ ಚಿಮ್ಮುತ್ತದೆ — ಕಾಮಾಕ್ಷಿಪಾಳ್ಯದ ಗ್ಯಾರೇಜಿನಲ್ಲಿ ಇಳಿಸುವ ಹಳೇ ಎಂಜಿನ್ ಆಯಿಲ್‌ನ ಬಣ್ಣ, ಅದೇ ಮಂದ. ಬೆಚ್ಚಗಿನ ಸಲೈನನ್ನು ಒಂದು ತೂತಿನಿಂದ ಬಿಟ್ಟರೆ ಇನ್ನೊಂದರಿಂದ ಬರುತ್ತದೆ. ತಿಳಿಯಾಗುವ ತನಕ ತೊಳೆಯುತ್ತಾರೆ. ಅಷ್ಟರಲ್ಲಿ ಆಳದಲ್ಲಿದ್ದ ಮೆದುಳು ನಿಧಾನವಾಗಿ ಮೇಲೆದ್ದು ಮಿಡಿಯಲು ತೊಡಗುತ್ತದೆ. ಹಲವರು ಅಂದು ಸಂಜೆಯೇ ಸೋತ ಕೈಯನ್ನು ಎತ್ತುತ್ತಾರೆ.

ತೊಳೆದ ಮೇಲೆ ಒಂದು ಮೆತ್ತನೆಯ ನಳಿಕೆಯನ್ನು ಒಳಗಿಟ್ಟು ಚೀಲಕ್ಕೆ ಜೋಡಿಸಿ ಎರಡು ದಿನ ಬಿಡಬೇಕೆ ಬೇಡವೆ? ಸೋಂಕಿನ ಭಯದಿಂದ ಹಲವರು ಬೇಡವೆನ್ನುತ್ತಿದ್ದರು. ಕೇಂಬ್ರಿಡ್ಜ್‌ನಲ್ಲಿ ಸಂಟಾರಿಯಸ್ ಮತ್ತು ಸಂಗಡಿಗರು 215 ರೋಗಿಗಳಲ್ಲಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಫಲಿತಾಂಶ ಈ ವಾದವನ್ನು ಮುಗಿಸಿತು. ನಳಿಕೆ ಇಟ್ಟವರಲ್ಲಿ ರಕ್ತ ಮರುಕಳಿಸಿದ್ದು ಶೇ. 9.3, ಇಡದವರಲ್ಲಿ 24. ಆರು ತಿಂಗಳ ಸಾವು ಶೇ. 8.6 ಮತ್ತು 18.1. ಇಷ್ಟು ಅಗ್ಗದ ವಸ್ತು ಇಷ್ಟು ಜೀವ ಉಳಿಸಿದ ಉದಾಹರಣೆ ನರಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚಿಲ್ಲ.

ಉರಿಯೂತ ಕಾರಣವಾದರೆ ಸ್ಟೀರಾಯ್ಡ್ ಕೊಟ್ಟರಾಗದೆ? ತರ್ಕ ಸರಿ, ಫಲ ತಪ್ಪು. 748 ಜನರ ಬ್ರಿಟಿಷ್ ಪ್ರಯೋಗ 2020ರಲ್ಲಿ ತೋರಿಸಿದಂತೆ ಡೆಕ್ಸಾಮೆಥಾಸೋನ್ ಪಡೆದವರಲ್ಲಿ ಮರುಶಸ್ತ್ರಕ್ರಿಯೆ ಕಡಿಮೆಯಾಯಿತು, ಆದರೆ ಆರು ತಿಂಗಳಿಗೆ ಒಳ್ಳೆಯ ಸ್ಥಿತಿಯಲ್ಲಿದ್ದವರೂ ಕಡಿಮೆಯಾದರು: ಶೇ. 83.9, ಸುಳ್ಳು ಮಾತ್ರೆ ಪಡೆದವರಲ್ಲಿ 90.3. ಹೊಸ ದಾರಿಯೆಂದರೆ ಪೊರೆಯ ಎಳೆಯ ನಾಳಗಳಿಗೆ ರಕ್ತ ಒದಗಿಸುವ ನಡು ಮೆನಿಂಜಿಯಲ್ ಅಪಧಮನಿಯನ್ನೇ ಒಳಗಿನಿಂದ ಮುಚ್ಚುವುದು. ತೊಡೆಯ ಅಥವಾ ಮುಂಗೈಯ ಅಪಧಮನಿಯಿಂದ ಸಪೂರ ಕೊಳವೆ ಸಾಗಿಸಿ ಅಂಟುದ್ರವ ತುಂಬುತ್ತಾರೆ. ಲುಲಾ ಅವರಿಗೆ ಶಸ್ತ್ರಚಿಕಿತ್ಸೆಯಾದ ಎರಡು ದಿನದ ನಂತರ ಮಾಡಿದ್ದು ಇದನ್ನೇ. 2024ರ ನವೆಂಬರಿನಲ್ಲಿ ಬಂದ ಎಂಬೊಲೈಸ್ ಪ್ರಯೋಗದಲ್ಲಿ ಶಸ್ತ್ರಚಿಕಿತ್ಸೆಯ ಜೊತೆ ಇದನ್ನೂ ಮಾಡಿದವರಲ್ಲಿ ಮತ್ತೆ ಶಸ್ತ್ರಕ್ರಿಯೆ ಬೇಕಾದದ್ದು ಶೇ. 4.1, ಮಾಡದವರಲ್ಲಿ 11.3. ಅದೇ ಹೊತ್ತಿಗೆ ಪ್ರಕಟವಾದ ಚೀನಾದ ಪ್ರಯೋಗದಲ್ಲಿ ಅಂತರ ಸಣ್ಣದು, ನಿರ್ಣಾಯಕವಲ್ಲ. ಖರ್ಚು ನೋಡಿದರೆ, ಮರುಕಳಿಸಿದವರಿಗೂ ರಕ್ತ ತೆಳುಮಾಡುವ ಮಾತ್ರೆ ನಿಲ್ಲಿಸಲಾಗದವರಿಗೂ ಇದನ್ನು ಮೀಸಲಿಡುವುದು ನಮ್ಮಲ್ಲಿ ಸದ್ಯಕ್ಕೆ ಜಾಣತನ ಎಂದು ನನ್ನ ಅಭಿಪ್ರಾಯ.

ಸಬ್‌ಅರಾಕ್ನಾಯ್ಡ್‌ಗೆ ಪ್ರತ್ಯೇಕ ಟಿಪ್ಪಣಿಯೇ ಬೇಕು. ಅಪಘಾತವಿಲ್ಲದೆ ಇದು ಬಂದರೆ ಬಹುಪಾಲು ಕಾರಣ ಅಪಧಮನಿಯ ಕವಲಿನಲ್ಲಿ ಊದಿಕೊಂಡ ಗುಳ್ಳೆ ಒಡೆದದ್ದು. ಜೀವಮಾನದಲ್ಲೇ ಕಾಣದಂಥ ತಲೆನೋವು ಕ್ಷಣಾರ್ಧದಲ್ಲಿ ಏರುತ್ತದೆ, ಕತ್ತು ಸೆಟೆಯುತ್ತದೆ. ಗುಳ್ಳೆಯ ಬುಡಕ್ಕೆ ಕ್ಲಿಪ್ ಹಾಕುವುದನ್ನು ವಾಲ್ಟರ್ ಡ್ಯಾಂಡಿ 1937ರಲ್ಲಿ ಮಾಡಿ ತೋರಿಸಿದ. ನಾಳದೊಳಗಿನಿಂದ ಪ್ಲಾಟಿನಂ ಸುರುಳಿ ತುಂಬುವುದು 1990ರ ದಶಕದ್ದು. ಈ ತಲೆನೋವಿಗೆ ಗುಳಿಗೆ ನುಂಗಿ ಬೆಳಗಿನವರೆಗೆ ಕಾಯಬಾರದು, ಇಷ್ಟು ಸಾಕು.

ಹಣದ ಮಾತು ಬಾರದೆ ಇರದು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಅಪಘಾತದಲ್ಲಿ ಸಾಯುತ್ತಲೇ ಅಂಗದಾನದ ಮಾತಾಡಿದ ಹರೀಶ್ ಹೆಸರಿನಲ್ಲಿ ರಾಜ್ಯ ಸರ್ಕಾರ ಮರುತಿಂಗಳೇ ಯೋಜನೆ ತಂದಿತು: ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿಯವರೆಗೆ ನೆರವು. ಗಾಯಾಳುವನ್ನು ಆಸ್ಪತ್ರೆಗೆ ತಂದವರನ್ನು ಪೊಲೀಸು–ಕೋರ್ಟಿಗೆ ಎಳೆಯದಂತೆ ರಕ್ಷಿಸುವ ಕಾಯ್ದೆಯನ್ನೂ ಕರ್ನಾಟಕ ಅದೇ ವರ್ಷ ರೂಪಿಸಿತು. ಇವು ರಸ್ತೆಗೆ ಸಂಬಂಧಿಸಿದವು. ಬಚ್ಚಲಲ್ಲಿ ಬಿದ್ದವರಿಗೆ ಇಂಥ ಪ್ರತ್ಯೇಕ ಹೆಸರಿನ ಯೋಜನೆಯಿಲ್ಲ, ಆ ಬೀಳುವಿಕೆಗೆ ಎಫ್‌ಐಆರ್ ಕೂಡ ಇಲ್ಲ.

ಓದುಗರಲ್ಲಿ ಒಂದು ಕೇಳಿಕೆ. ನಿಮ್ಮ ಮನೆಯಲ್ಲಿ ಅರವತ್ತೈದು ದಾಟಿದವರು ಬಿದ್ದರೆ, ತಲೆಗೆ ತಾಗಿತೋ ಇಲ್ಲವೋ ಎಂಬ ವಾದ ಬೇಡ, ಆ ದಿನಾಂಕವನ್ನು ಅವರ ಮಾತ್ರೆಯ ಚೀಟಿಯ ಹಿಂದೆ ಬರೆದಿಡಿ. ರಕ್ತ ತೆಳುಮಾಡುವ ಮಾತ್ರೆ ನುಂಗುವವರಾದರೆ ಅಂದೇ ವೈದ್ಯರಿಗೆ ತೋರಿಸಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮುಂದಿನ ಎರಡು ತಿಂಗಳಲ್ಲಿ ನಡಿಗೆ, ನೆನಪು, ನಿದ್ದೆ ಇವುಗಳಲ್ಲಿ ಯಾವುದು ಬದಲಾದರೂ ಆ ಚೀಟಿಯನ್ನು ವೈದ್ಯರ ಮುಂದಿಟ್ಟು ತಲೆಯ ಸಿಟಿ ಸ್ಕ್ಯಾನ್ ಬೇಕೇ ಎಂದು ನೀವೇ ಕೇಳಿ.